ಅತ್ತೆ ಮತ್ತು ಆಯಿಲ್ ಪಂಪು

ನಾನು ಕಾರು ಓಡಿಸಲು ಕಲಿತದ್ದು ನಲವತ್ತು ದಾಟಿದ ಮೇಲೆ. ಶಹಾಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವವಳು ನಾನು. ರಾಜ್ಯಗಳು ಯಾಕೆ ಬಿದ್ದವು ಎಂದು ತಾಸುಗಟ್ಟಲೆ ಮಾತಾಡಬಲ್ಲೆ, ಕಾರು ಹೇಗೆ ಓಡುತ್ತದೆ ಎಂದು ಯಾರಾದರೂ ಕೇಳಿದರೆ ಬಾಯಿ ಕಟ್ಟಿಹೋಗುತ್ತಿತ್ತು. ಸ್ಟೇರಿಂಗು, ಗೇರು, ಬ್ರೇಕು, ಪೆಟ್ರೋಲಿನ ಮುಳ್ಳು ಗೊತ್ತಿದ್ದರೆ ಸಾಕು, ಬಾನೆಟ್ಟಿನ ಕೆಳಗಿರುವುದೆಲ್ಲ ಬೇರೆಯವರ ಕೆಲಸ ಎಂದುಕೊಂಡಿದ್ದೆ. ಎಂಜಿನ್ ಎಣ್ಣೆ ಬದಲಿಸುವ ಗಡುವು ದಾಟಿತ್ತು. ನಮ್ಮ ಮನೆಯವರು ಎರಡು ಸಲ ನೆನಪು ಮಾಡಿದ್ದರು. ಪರೀಕ್ಷೆ ಮುಗಿಯಲಿ, ಪೇಪರು ತಿದ್ದುವುದು ಮುಗಿಯಲಿ ಎಂದು ನಾನೇ ಮುಂದಕ್ಕೆ ದೂಡುತ್ತ ಬಂದಿದ್ದೆ.

ಆ ಚಳಿಗಾಲದಲ್ಲಿ ಸುರಪುರದ ನಾದಿನಿಯ ಮನೆಯಲ್ಲಿ ಅವಳ ಬಸುರಿ ಮಗಳ ಕುಬಸದ ಕಾರ್ಯ ಇತ್ತು. ಮನೆಯವರಿಗೆ ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿ ತಪ್ಪಿಸುವಂತಿರಲಿಲ್ಲ. ಹಾಗಾಗಿ ನಾನು ಮತ್ತು ಅತ್ತೆ ಇಬ್ಬರೇ ನಮ್ಮ ಹಳೆಯ ಸಣ್ಣ ಕಾರಿನಲ್ಲಿ ಹೋದೆವು. ಅತ್ತೆಗೆ ಆಗ ಎಪ್ಪತ್ತೆರಡು. ಗುರುಮಠಕಲ್ಲಿನಲ್ಲಿ ಬಾಳು ಕಳೆದು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದವರು. ಓದು ಬರಹ ಬರುವುದಿಲ್ಲ. ಮಾತು ಕಡಿಮೆ. ಹದಿನೈದು ವರ್ಷ ಒಂದೇ ಸೂರಿನಡಿ ಇದ್ದರೂ ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟು: ರೊಟ್ಟಿ ತೆಳ್ಳಗೆ ಬಡಿಯುತ್ತಾರೆ, ಎಣಿಸುವಾಗ ತೆಲುಗಿಗೆ ಹೊರಳುತ್ತಾರೆ, ಒಂದು ಕಾಲದಲ್ಲಿ ಊರಲ್ಲಿ ಮಾವನ ಹಿಟ್ಟಿನ ಗಿರಣಿ "ನೋಡಿಕೊಳ್ಳುತ್ತಿದ್ದರು". ನೋಡಿಕೊಳ್ಳುವುದೆಂದರೆ ಬಾಗಿಲಲ್ಲಿ ಕೂತು ಬಂದವರನ್ನು ಮಾತಾಡಿಸುವುದು ಎಂದು ನಾನು ತಿಳಿದಿದ್ದೆ.

ಕುಬಸ ಮುಗಿಸಿ ಮರುದಿನ ಬೆಳಿಗ್ಗೆ ಶಹಾಪುರಕ್ಕೆ ಹೊರಟೆವು. ಅತ್ತೆ ನನ್ನ ಪಕ್ಕದ ಸೀಟಿನಲ್ಲಿ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹತ್ತಿ ಕೀಳುವ ಕಾಲ. ತುಂಬಿ ಹೋದ ಲಾರಿಗಳು ರಸ್ತೆ ಬದಿಯ ಜಾಲಿ ಮುಳ್ಳಿಗೆಲ್ಲ ಬಿಳಿ ಎಳೆ ಸಿಕ್ಕಿಸಿ ಹೋಗಿದ್ದವು. ರಂಗಂಪೇಟೆ ದಾಟಿ ಐದಾರು ಕಿಲೋಮೀಟರ್ ಬಂದಿರಬೇಕು, ಎದುರಿನ ಫಲಕದಲ್ಲಿ ಎಣ್ಣೆ ಗಿಂಡಿಯಂಥ ಒಂದು ಪುಟ್ಟ ಕೆಂಪು ಚಿತ್ರ ಹೊತ್ತಿಕೊಂಡಿತು. ನಾನು ನೋಡಿದೆ. ನೋಡಿ, ಮನೆಗೆ ಹೋದ ಮೇಲೆ ಎಣ್ಣೆ ಹಾಕಿಸಿದರಾಯಿತು ಎಂದುಕೊಂಡೆ.

ಅತ್ತೆ ತಲೆ ಓರೆ ಮಾಡಿದರು.

"ಯವ್ವಾ, ಬಂದ್ ಮಾಡು ಇದನ್ನ."

"ಏನ್ರಿ ಅತ್ತಿ? ರೇಡಿಯೋನ?"

"ರೇಡಿಯೋ ಅಲ್ಲ. ಇಂಜಿನ್ ಬಂದ್ ಮಾಡು. ಒಣಾ ತಿರಗಾಕತ್ತದ."

"ಹತ್ತಿಗೂಡೂರ ತನಕ ಹೋಗಮ್ರಿ. ಅಲ್ಲಿ ಯಾರರ ನೋಡ್ತಾರ."

ಅವರು ನನ್ನ ಮುಂಗೈ ಹಿಡಿದರು. ಎಪ್ಪತ್ತೆರಡರ ಹೆಂಗಸಿನ ಹಿಡಿತ ಅದಾಗಿರಲಿಲ್ಲ. "ಹತ್ತಿಗೂಡೂರ ಬ್ಯಾಡ. ಈಗ. ಇಲ್ಲೇ."

ಆ ದನಿಯನ್ನು ನಾನು ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಕಾರನ್ನು ಬದಿಗೆ ತಂದು ಕೀಲಿ ತಿರುಗಿಸಿದೆ. ಸದ್ದು ನಿಂತ ಮೇಲೆ ನನಗೆ ಹೊಳೆಯಿತು: ಸ್ವಲ್ಪ ಹೊತ್ತಿನಿಂದ ಎಂಜಿನ್ನಿನ ಮೇಲ್ಭಾಗದಲ್ಲಿ ಯಾರೋ ಚಮಚದಿಂದ ತಾಟು ಬಡಿದಂತೆ ಟಿಕಟಿಕ ಎನ್ನುತ್ತಿತ್ತು. ನನ್ನ ಕಿವಿಗೂ ಬಿದ್ದಿತ್ತು, ಆದರೆ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ.

ಹತ್ತಿ ಇಳಿಸಿ ಬರುತ್ತಿದ್ದ ಖಾಲಿ ಟ್ರ್ಯಾಕ್ಟರೊಂದು ನಿಂತಿತು. ಡ್ರೈವರು ಒಳ್ಳೆಯ ಮನುಷ್ಯ. ತಾನೇ ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿ ಎಳೆದು, ಅಂಗಿಯ ತುದಿಗೆ ಒರೆಸಿ ಮತ್ತೆ ಅದ್ದಿ ನೋಡಿದ. "ಎಣ್ಣಿ ಗುರ್ತಿನ ಮಟ ಅದರಿ ಮೇಡಂ. ಲೈಟ್ ಸುಳ್ಳ ಹೇಳಾಕತ್ತದ. ಓಡಸ್ರಿ, ಏನ್ ಆಗಂಗಿಲ್ಲ."

ನನಗೆ ಜೀವ ಬಂದಂತಾಯಿತು. ಕೀಲಿಗೆ ಕೈ ಹಾಕಿದೆ. ಅತ್ತೆ ಕೆಳಗಿಳಿದು ಆ ಕಡ್ಡಿಯನ್ನು ಅವನ ಕೈಯಿಂದ ತೆಗೆದುಕೊಂಡರು. ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದರು.

"ಎಣ್ಣಿ ಕೆಳಗ ಅದ, ತಮ್ಮಾ. ಮ್ಯಾಲ ಹೋಗವಲ್ಲದು. ನಿನ್ನ ಕಡಿ ಹಗ್ಗ ಅದ ಏನು?"

ಹಗ್ಗ ಇತ್ತು. ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿಕೊಂಡು, ಎಂಜಿನ್ ನಿಂತದ್ದರಿಂದ ಗಟ್ಟಿಯಾದ ಬ್ರೇಕನ್ನು ತುಳಿಯುತ್ತ, ನಾನು ರಂಗಂಪೇಟೆಗೆ ವಾಪಸ್ಸು ಬಂದೆ. ಅತ್ತೆ ಮತ್ತೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇದೆಲ್ಲ ಹೇಗೆ ಗೊತ್ತು ಎಂದು ಅವರನ್ನು ಕೇಳಲು ನನಗೆ ಏನೋ ಒಂದು ನಮೂನೆಯ ಹಿಂಜರಿಕೆ.

ಟ್ರ್ಯಾಕ್ಟರಿನವನು ನಮ್ಮನ್ನು ಬಿಟ್ಟದ್ದು ಬೇವಿನ ಮರದ ಕೆಳಗಿನ ಒಂದು ತಗಡಿನ ಶೆಡ್ಡಿನ ಗ್ಯಾರೇಜಿನ ಮುಂದೆ. ಮಿಸ್ತ್ರಿಗೆ ಅರವತ್ತರ ಹತ್ತಿರ. ಬಿಳಿ ಗಡ್ಡ, ಮಾಸಿದ ನೀಲಿ ಅಂಗಿ. ಹಿತ್ತಲ ಕಡೆ ಮುಖ ಮಾಡಿ, "ಮೆಹಮಾನಾಂ ಆಯೆ, ಚಾ ಭೇಜೋ" ಎಂದು ಅತಿಥಿಗಳಿಗೆ ಚಹಾ ಕಳಿಸಲು ಕೂಗಿ ಹೇಳಿ ನಮಗೆ ಸ್ಟೂಲು ಹಾಕಿದರು. ಆಮೇಲೆ ಕಾರಿನ ಹತ್ತಿರ ಹೋದರು. ಟ್ರ್ಯಾಕ್ಟರಿನವನ ಹಾಗೆ ಅವಸರ ಮಾಡಲಿಲ್ಲ. ಕೆಂಪು ದೀಪಕ್ಕೆ ಸುದ್ದಿ ಮುಟ್ಟಿಸುವ ಸಣ್ಣ ಸ್ವಿಚ್ಚನ್ನು ಬಿಚ್ಚಿ, ಆ ಜಾಗಕ್ಕೆ ಕೊಳವೆ ಇದ್ದ ಒಂದು ಗಡಿಯಾರದಂಥ ಮೀಟರನ್ನು ಕೂಡಿಸಿದರು.

"ದೀಪ ಸುಳ್ಳ ಹೇಳಬಹುದ್ರಿ, ಇದು ಹೇಳಂಗಿಲ್ಲ" ಎಂದರು. "ಮೇಡಂ, ಚಾಲೂ ಮಾಡ್ರಿ, ಮೂರ ಎಣಸೋದ್ರಾಗ ಬಂದ್ ಮಾಡ್ರಿ."

ಮಾಡಿದೆ. ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ. ಮಿಸ್ತ್ರಿ ಅತ್ತೆಯ ಕಡೆ ತಿರುಗಿದರು. ನಾನು ಅಷ್ಟರಲ್ಲಿ ನಡೆದದ್ದೆಲ್ಲ ಹೇಳಿದ್ದೆ.

"ಅಮ್ಮಾ, ನಿಮಗ ಹೆಂಗ ತಿಳೀತು?"

"ಕೇಳಸ್ತು" ಎಂದರು ಅತ್ತೆ, ಅದರಲ್ಲೇನು ಎನ್ನುವ ಹಾಗೆ.

ಕಾರನ್ನು ಮುಂದೆ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಎಣ್ಣೆ ಬಸಿದು, ಎಂಜಿನ್ನಿನ ತಳದ ತೊಟ್ಟಿಯನ್ನು ಮಿಸ್ತ್ರಿ ಬಿಚ್ಚಿದರು. ಬಿಚ್ಚಿದ ಒಂದೊಂದು ಬೋಲ್ಟನ್ನೂ ಒಂದು ರಟ್ಟಿನ ತುಂಡಿಗೆ ಚುಚ್ಚುತ್ತ ಹೋದರು. ಎಂಜಿನ್ನಿನಲ್ಲಿ ಎಲ್ಲಿತ್ತೋ ರಟ್ಟಿನ ಮೇಲೂ ಅದೇ ಜಾಗ. ನೋಡನೋಡುತ್ತ ಆ ರಟ್ಟು ಎಂಜಿನ್ನಿನ ನಕಾಶೆಯಾಯಿತು. ನನ್ನ ಮೂವತ್ತು ಪುಟದ ಟಿಪ್ಪಣಿಗಳಿಗೂ ಅಷ್ಟು ಅಚ್ಚುಕಟ್ಟಿಲ್ಲ.

ತೊಟ್ಟಿಯ ತಳದಲ್ಲಿ ಕಾಡಿಗೆಯಂಥ ಕರಿ ರಾಡಿ. ಪಂಪು ಎಣ್ಣೆ ಹೀರುವ ಬಾಯಿಗೆ ಒಂದು ಸೋಸುವ ಜಾಳಿಗೆ ಇರುತ್ತದೆ. ಅದರ ತುಂಬ ರಬ್ಬರಿನಂಥ ಬೂದು ಚೂರುಗಳು. ಹಿಂದೆ ಯಾವಾಗಲೋ ಯಾರೋ ತೊಟ್ಟಿ ಕೂಡಿಸುವಾಗ ಅಂಟನ್ನು ಧಾರಾಳವಾಗಿ ಮೆತ್ತಿದ್ದರು. ಹೆಚ್ಚಾದದ್ದು ಒಳಗೆ ಉದುರಿ ಜಾಳಿಗೆ ಕಟ್ಟಿತ್ತು. ನಾನು ಬದಲಿಸದ ಎಣ್ಣೆ ಮಿಕ್ಕ ಸಂದುಗಳನ್ನು ಮುಚ್ಚಿತ್ತು. ಮಿಸ್ತ್ರಿ ಯಾರನ್ನೂ ಬೈಯಲಿಲ್ಲ. ಜಾಳಿಗೆಯನ್ನು ನನ್ನ ಕಣ್ಣ ಮುಂದೆ ಹಿಡಿದರು, ಅಷ್ಟೇ. ಅದೇ ಸಾಕಾಗಿತ್ತು.

ಪಂಪು ಇದ್ದದ್ದು ಎಂಜಿನ್ನಿನ ಮುಂಬದಿಯಲ್ಲಿ, ಬೆಲ್ಟುಗಳ ಹಿಂದೆ. ಅದನ್ನು ಹೊರಗೆ ತೆಗೆಯಲು ಮಧ್ಯಾಹ್ನದವರೆಗೆ ಹಿಡಿಯಿತು. ಬಂದದ್ದು ಏನು? ಅಂಗೈಗಿಂತ ತುಸು ದೊಡ್ಡ ಒಂದು ಬಿಲ್ಲೆ, ಅದರೊಳಗೆ ಹೂವಿನೆಸಳಿನಂಥ ಹಲ್ಲುಗಳ ಒಂದು ಚಕ್ರ, ಅದರ ಸುತ್ತ ಇನ್ನೊಂದು. ನಾನು ಏನೋ ದೊಡ್ಡದನ್ನು ನಿರೀಕ್ಷಿಸಿದ್ದೆ.

"ಇಷ್ಟೇ ಏನ್ರಿ?" ಎಂದೆ.

ಮಿಸ್ತ್ರಿ ನಕ್ಕರು. "ಇಷ್ಟೇ ರಿ. ಇದು ತಳದಾಗಿನ ಎಣ್ಣಿ ಜಗ್ಗತದ, ಒತ್ತತದ. ನೋಡ್ರಿ ಇಲ್ಲಿ" ಎಂದು ನನ್ನನ್ನು ಬಗ್ಗಿಸಿ ಒಳಗೆ ಟಾರ್ಚು ಬಿಟ್ಟರು. "ಈ ದೊಡ್ಡ ದಂಡ ಅದಲ್ರಿ, ನಿಮ್ಮ ಗಾಲಿ ತಿರಗಸೋದು, ಇದರ ಒಳಗೂ ತೂತು ಅದಾವ. ಆ ತೂತಿನಾಗ ಹಾದು ಎಣ್ಣಿ ಹೊರಗ ಬರತದ. ಕಬ್ಬಿಣಕ್ಕ ಕಬ್ಬಿಣ ತಾಕಂಗಿಲ್ಲ. ನಡುವ ಎಣ್ಣಿ ಪದರ, ಕೂದಲಕ್ಕಿಂತ ಸಣ್ಣದು. ಇಷ್ಟ್ ಭಾರ ಎಲ್ಲಾ ಅದರ ಮ್ಯಾಲ ತೇಲತದ್ರಿ."

ನಾನು ಆ ದಂಡವನ್ನು ನೋಡುತ್ತ ಉಳಿದೆ. ನಾಲ್ಕು ವರ್ಷ ದಿನಾ ಈ ಕಾರಿನಲ್ಲಿ ಕಾಲೇಜಿಗೆ ಹೋಗಿದ್ದೇನೆ. ಮಳೆಯಲ್ಲಿ, ಬಿಸಿಲಲ್ಲಿ, ತಲೆಯಲ್ಲಿ ಹತ್ತು ಯೋಚನೆ ಇಟ್ಟುಕೊಂಡು. ಅಷ್ಟೂ ದಿನ ನನ್ನ ಪಾದದಿಂದ ಒಂದು ಮೊಳ ದೂರದಲ್ಲಿ ಇಷ್ಟು ಕಬ್ಬಿಣ, ನಿಮಿಷಕ್ಕೆ ಸಾವಿರಾರು ಸುತ್ತು, ಒಂದನ್ನೊಂದು ಮುಟ್ಟದೆ ಎಣ್ಣೆಯ ಮೇಲೆ ತೇಲುತ್ತಿತ್ತು.

ಅಷ್ಟರಲ್ಲಿ ಅತ್ತೆ ಸ್ಟೂಲಿನಿಂದ ಎದ್ದು ಬಂದು ಹಳೆಯ ಪಂಪಿಗೆ ಕೈ ಚಾಚಿದ್ದರು. ಮಿಸ್ತ್ರಿ ಕೊಟ್ಟರು. ಅತ್ತೆ ಸೆರಗಿನಿಂದ ಒರೆಸಿ, ಒಳಗಿನ ಗೋಡೆಯ ಮೇಲೆ ಉಗುರನ್ನು ನಿಧಾನವಾಗಿ ಎಳೆದರು. ಒಂದು ಕಡೆ ಉಗುರು ತಡೆಯಿತು.

"ಗೆರಿ ಬಿದ್ದದ" ಎಂದರು. "ಏನೋ ಗಟ್ಟಿದು ಹೊಕ್ಕದ. ಎಣ್ಣಿ ಒತ್ತಾಕ ಹೋದ್ರ ಈ ಸಂದಿಲೆ ಹಿಂದಕ್ಕ ಬರತದ."

ಮಿಸ್ತ್ರಿ ಸಂದು ಅಳೆಯುವ ತೆಳ್ಳನೆಯ ಉಕ್ಕಿನ ಪಟ್ಟಿಗಳ ಗೊಂಚಲು ತಂದರು. ಒಂದಾದ ಮೇಲೊಂದು ಪಟ್ಟಿ ತೂರಿಸಿ ನೋಡಿದರು. ಹೋಗಬಾರದ ದಪ್ಪದ ಪಟ್ಟಿ, ಅತ್ತೆ ತೋರಿಸಿದ ಜಾಗದಲ್ಲೇ, ಸಲೀಸಾಗಿ ಹೋಯಿತು. ಅವರು ಪಟ್ಟಿಯನ್ನು ನೋಡಿದರು, ಅತ್ತೆಯ ಉಗುರನ್ನು ನೋಡಿದರು.

"ಅಮ್ಮಾ, ಖರೆ ಹೇಳ್ರಿ. ನೀವು ಯಾವ ಇಂಜಿನ್ ಮ್ಯಾಲ ಕೆಲಸ ಮಾಡೀರಿ?"

"ಗಿರಣಿ ಇಂಜಿನ್. ಡೀಸೆಲ್ದು. ಇಪ್ಪತ್ತ ವರ್ಷ."

ನಾನು ಅವರಿಬ್ಬರ ನಡುವೆ ನಿಂತಿದ್ದೆ. ಹದಿನೈದು ವರ್ಷದಿಂದ ಜೊತೆಗಿದ್ದವಳು ನಾನು. ಆ ಪ್ರಶ್ನೆ ಕೇಳಲು ಅರ್ಧ ದಿನದ ಪರಿಚಯದ ಮಿಸ್ತ್ರಿ ಬೇಕಾಯಿತು.

ಹೊಸ ಪಂಪು ಕಲಬುರಗಿಯಿಂದ ಬಸ್ಸಿನಲ್ಲಿ ಬರಬೇಕಿತ್ತು, ಮರುದಿನ. ಪಂಪನ್ನು ರಿಪೇರಿ ಮಾಡಿ ಹಾಕಲು ಬರುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಮಿಸ್ತ್ರಿ, ಅತ್ತೆ ಇಬ್ಬರೂ ಒಟ್ಟಿಗೇ "ಬ್ಯಾಡ" ಎಂದರು. ಅಲ್ಲಿಯವರೆಗೆ ತೊಟ್ಟಿ ತೊಳೆಯುವ ಕೆಲಸ ಇತ್ತು. ಮಿಸ್ತ್ರಿ ಸೀಮೆಎಣ್ಣೆ ತಟ್ಟೆ ಇಡುವುದೇ ತಡ, ಅತ್ತೆ ಸೆರಗು ಸಿಕ್ಕಿಸಿ ನೆಲಕ್ಕೆ ಕೂತು ಜಾಳಿಗೆಯನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷನ್ನೂ ಎತ್ತಿಕೊಂಡರು.

"ಅಮ್ಮಾ, ಕೈ ಹೊಲಸ ಆಗ್ತಾವ."

"ತೊಳದ್ರ ಹೋಗ್ತದ."

ನಾನೂ ಪಕ್ಕದಲ್ಲಿ ಕೂತೆ. ಅವರು ಒಂದೊಂದೇ ಕಣ್ಣಿನಿಂದ ಅಂಟಿನ ಚೂರು ಕೀಳುತ್ತ, ನನ್ನ ಕಡೆ ನೋಡದೆ, ಹೇಳಿದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಗಿರಣಿ ಹಾಕಿದ ಮೂರನೆಯ ವರ್ಷಕ್ಕೆ ಮಾವನಿಗೆ ಬೆನ್ನು ಹೋಯಿತು, ಹಾಸಿಗೆ ಹಿಡಿದರು. ಇಟ್ಟುಕೊಂಡ ಆಳು ಒಂದು ತಿಂಗಳು ಮಾಡಿ ಬಿಟ್ಟುಹೋದ. ಮಾವ ಹಾಸಿಗೆಯಿಂದಲೇ ಹೇಳುವುದು, ಅತ್ತೆ ಗಿರಣಿಗೆ ಹೋಗಿ ಮಾಡಿ ಬಂದು ಹೇಳುವುದು. "ಅವರು ಹೇಳೋರು, ನಾ ಮಾಡಾಕಿ. ಆಮ್ಯಾಲ ಹೇಳೋದು ಬ್ಯಾಡಾತು." ಆ ಎಂಜಿನ್ನಿನ ನೆತ್ತಿಯ ಮೇಲೆ ಅಂಗಿಗುಂಡಿಯಂಥ ಒಂದು ಗುಂಡಿ ಇತ್ತಂತೆ. ಎಣ್ಣೆಯ ಒತ್ತಡ ಸರಿ ಇದ್ದರೆ ಅದು ಮೇಲೆದ್ದು ನಿಲ್ಲುತ್ತಿತ್ತು. ಎಳ್ಳಮಾಸಿಯ, ಅಂದರೆ ಎಳ್ಳಮಾವಾಸ್ಯೆಯ, ಹಿಂದಿನ ದಿನ, ಊರಿಗೆ ಊರೇ ಸಜ್ಜೆ, ಜೋಳ ಹೊತ್ತು ತಂದು ಸಾಲಲ್ಲಿ ನಿಂತ ದಿನ, ಆ ಗುಂಡಿ ಏಳಲಿಲ್ಲ. ನಿಲ್ಲಿಸಿ ಬಿಚ್ಚಿ ನೋಡಿದರೆ ಪಂಪಿನ ಸ್ಪ್ರಿಂಗು ಮುರಿದಿತ್ತು. ಹೊಸದು ಸಿಗಬೇಕೆಂದರೆ ಹೈದರಾಬಾದಿಗೆ ಹೋಗಬೇಕು.

"ಮತ್ತ ಏನ್ ಮಾಡಿದ್ರಿ?" ಎಂದೆ.

"ಒಳಗಿನ ದೊಡ್ಡ ದಂಡ ತಾನಾ ಎಣ್ಣಿ ಎರಚಿಕೊಂತಿತ್ತು. ಅದರ ಚಿಂತಿ ಇರಲಿಲ್ಲ. ಎರಡು ಬಾಜೂದ ಬೇರಿಂಗಿಗೆ ಅಷ್ಟೇ ಪಂಪು ಬೇಕು. ಅದರ ಮ್ಯಾಲಿನ ಬಿರಡಿ ತಗದು, ಕೈಲೆ ಎಣ್ಣಿ ಹಾಕಿದೆ."

"ಎಷ್ಟೊತ್ತು?"

"ಮುಂಜಾನಿಂದ ದೀಪ ಹಚ್ಚೋ ತನಕ. ಐವತ್ತ ಎಣಸೋದು, ಈ ಕಡಿ ಹಾಕೋದು. ಐವತ್ತ ಎಣಸೋದು, ಆ ಕಡಿ ಹಾಕೋದು. ನಡುನಡುವ ಬೇರಿಂಗ್ ಮ್ಯಾಲ ಕೈ ಇಡೋದು, ಕಾವು ಎಷ್ಟಾತು ಅಂತ. ಓಣಿ ಹೆಣ್ಮಕ್ಕಳು ತಾವ ಕಾಳ ಸುರುವಿದ್ರು, ತಾವ ಹಿಟ್ಟ ತುಂಬಕೊಂಡ್ರು."

"ನಿಲ್ಲಸಬಹುದಿತ್ತಲ್ರಿ?"

ಅತ್ತೆ ಜಾಳಿಗೆಯನ್ನು ಬೆಳಕಿಗೆ ಹಿಡಿದರು. "ನಾಳಿ ಹಬ್ಬ ಅದ ಯವ್ವಾ. ಹಿಟ್ಟಿಲ್ದ ಹಬ್ಬ ಹೆಂಗಾಗ್ತದ?"

ಒಂದು ಇಡೀ ಊರಿನ ಹಬ್ಬದ ರೊಟ್ಟಿಯನ್ನು ಒಬ್ಬಳು ಹೆಂಗಸು ತನ್ನ ಎರಡು ಕೈಯಿಂದ, ಐವತ್ತೈವತ್ತು ಎಣಿಸಿಕೊಂಡು ಉಳಿಸಿದ್ದಳು. ನಾನು ಓದಿದ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಅದನ್ನು ಮಾಡಿದವರು ನನ್ನ ಎದುರು ಬ್ರಷ್ಷು ತಿಕ್ಕುತ್ತ ಕೂತಿದ್ದರು, ಮತ್ತು ಅದರಲ್ಲಿ ಹೇಳುವಂಥದ್ದೇನಿದೆ ಎಂಬುದು ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ.

ಆ ರಾತ್ರಿ ಸುರಪುರದ ನಾದಿನಿಯ ಮನೆಯಲ್ಲೇ ಉಳಿದು, ಮರುದಿನ ಮತ್ತೆ ಬಂದೆವು. ಮಿಸ್ತ್ರಿ ಅಷ್ಟರಲ್ಲಿ ದಂಡದ ಒಂದು ಬೇರಿಂಗನ್ನು ಬಿಚ್ಚಿ ಅದರ ಒಳಪದರ ನೋಡಿದ್ದರು. ಎಣ್ಣೆ ಇಲ್ಲದೆ ಓಡಿದರೆ ಮೊದಲು ಸವೆಯುವುದು ಅದೇ. ಆ ಅರ್ಧಚಂದ್ರದ ತಗಡನ್ನು ನೇರ ಅತ್ತೆಯ ಕೈಗೇ ಕೊಟ್ಟರು. ಬೂದು ಬಣ್ಣ, ಸವೆದರೆ ಹೊರಬೀಳುವ ತಾಮ್ರ ಎಲ್ಲೂ ಕಾಣುತ್ತಿರಲಿಲ್ಲ.

"ಉಳದದ" ಎಂದರು ಅತ್ತೆ.

"ನೀವು ಉಳಿಸೀರಿ" ಎಂದರು ಮಿಸ್ತ್ರಿ. "ಹತ್ತಿಗೂಡೂರ ತನಕ ಹೋಗಿದ್ರ ಇದು ಇಂಜಿನ್ ಅಲ್ಲ, ಗುಜರಿ."

ಪಂಪು ಮಧ್ಯಾಹ್ನದ ಬಸ್ಸಿಗೆ ಬಂತು. ಅದನ್ನು ಬಿಚ್ಚುವ ಮುಂಚೆ ಮಿಸ್ತ್ರಿ ಮೊಣಕೈಯವರೆಗೆ ಸಾಬೂನು ಹಚ್ಚಿ ಕೈ ತೊಳೆದರು, ಒಗೆದ ಬಿಳಿ ಬಟ್ಟೆ ಹಾಸಿದರು. ಚಕ್ರಗಳನ್ನು ಹೊಸ ಎಣ್ಣೆಯಲ್ಲಿ ತೋಯಿಸಿ, ಒಳಗೂ ಎಣ್ಣೆ ತುಂಬಿದರು. ಒಣ ಪಂಪು ಮೊದಲ ಸುತ್ತಿಗೆ ಎಣ್ಣೆ ಎಳೆಯುವುದಿಲ್ಲವಂತೆ. ಕೂಡಿಸುವ ಅಂಚಿಗೆ ಅಂಟನ್ನು ಎಳೆದದ್ದು ರಂಗೋಲಿಯ ಒಂದೆಳೆಯಷ್ಟು. ಆಮೇಲೆ ಬೆಲ್ಟು, ಗುರುತಿಗೆ ಗುರುತು ಕೂಡಿಸಿ. ರಟ್ಟಿನ ಮೇಲಿನ ಬೋಲ್ಟುಗಳು ಒಂದೊಂದಾಗಿ ತಮ್ಮ ಮನೆಗೆ ಹೋದವು. ಕೊನೆಗೆ ಹೊಸ ಫಿಲ್ಟರು, ಹೊಸ ಎಣ್ಣೆ.

ಕೂಡಲೇ ಚಾಲೂ ಮಾಡಲಿಲ್ಲ. ಕಿಡಿ ಹಾರದಂತೆ ಒಂದು ವೈರು ಬಿಡಿಸಿ, ಎಂಜಿನ್ನಿನ ಮೇಲಿನ ಮುಚ್ಚಳವನ್ನೇ ತೆಗೆದಿಟ್ಟು, "ಮೇಡಂ, ಈಗ ಸೆಲ್ಫ್ ಹೊಡಿರಿ. ಇಂಜಿನ್ ಹತ್ತಂಗಿಲ್ಲ, ಬರೇ ತಿರಗತದ" ಎಂದರು.

"ನಾ ನೋಡಬೇಕ್ರಿ" ಎಂದೆ ನಾನು, ಮಗುವಿನ ಹಾಗೆ. ಮಿಸ್ತ್ರಿ ತಾವೇ ಒಳಗೆ ಕೂತರು. ನಾನು, ಅತ್ತೆ ಬಾನೆಟ್ಟಿನ ಮೇಲೆ ಬಗ್ಗಿದೆವು.

ಎಂಜಿನ್ನು ಕುಯ್ಯೋ ಎಂದು ತಿರುಗಿತು. ಮೇಲೆ ಸಾಲಾಗಿ ಕೂತ ಕಬ್ಬಿಣದ ಬೆರಳುಗಳು ಏಳುತ್ತ ಬೀಳುತ್ತ ಇದ್ದವು, ಒಣಗಿ. ಅತ್ತೆ ಉಸುರಿನಲ್ಲೇ ಎಣಿಸುತ್ತಿದ್ದರು: "ಒಕಟಿ, ರೆಂಡು, ಮೂಡು, ನಾಲುಗು..." ಮಿಸ್ತ್ರಿ ನಿಲ್ಲಿಸಿ, ತುಸು ಬಿಟ್ಟು, ಮತ್ತೆ ಹೊಡೆದರು. "ಒಕಟಿ, ರೆಂಡು..." ಏನೂ ಇಲ್ಲ. ಮೂರನೆಯ ಸಲ. ಅತ್ತೆ "ಐದು" ಅನ್ನುವುದಕ್ಕೂ, ಒಂದು ಸಣ್ಣ ತೂತಿನ ಬಾಯಲ್ಲಿ ಏನೋ ಮಿನುಗುವುದಕ್ಕೂ ಸರಿಹೋಯಿತು. ಒಂದು ಗುಳ್ಳೆ. ಒಡೆಯಿತು. ಅದರ ಹಿಂದೆ ಎಣ್ಣೆ, ಜೇನಿನ ಬಣ್ಣದ್ದು, ಉಕ್ಕಿ ಬಂತು. ಪಕ್ಕದ ತೂತಿನಲ್ಲಿ, ಅದರಾಚೆಯದರಲ್ಲಿ, ಸಾಲಾಗಿ. ಕಬ್ಬಿಣದ ಮೇಲೆಲ್ಲ ಹೊಳಪು ಹರಡಿತು. ತಳದ ಕತ್ತಲೆಯಲ್ಲಿದ್ದದ್ದು, ಎಷ್ಟೋ ಕೊರೆದ ದಾರಿಗಳನ್ನು ಹಾದು, ಯಾರೂ ಕೈಯಿಂದ ಮುಟ್ಟಲಾಗದ ಜಾಗಗಳನ್ನು ನೆನೆಸಿ, ಬೆಳಕಿಗೆ ಬಂದು, ಮತ್ತೆ ಕೆಳಗಿಳಿದು ಹೋಗುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ.

"ಬಂತು" ಎಂದರು ಅತ್ತೆ. ಅವರ ಮುಖವೂ ಬೇರೆಯಾಗಿತ್ತು.

ಮುಚ್ಚಳ ಹಾಕಿ ನಿಜವಾಗಿ ಚಾಲೂ ಮಾಡಿದಾಗ ಮೀಟರಿನ ಮುಳ್ಳು ಎದ್ದು ನಿಂತಿತು. ಮಿಸ್ತ್ರಿ ಅತ್ತೆಯನ್ನು ಕೇಳಿದರು, "ಹೆಂಗ ಕೇಳಸ್ತದ್ರಿ ಉಸ್ತಾದ್?" ಅತ್ತೆ ತಲೆ ಓರೆ ಮಾಡಿ ತುಂಬ ಹೊತ್ತು ಕೇಳಿದರು. "ಚಲೋ ಅದ" ಎಂದರು. ಬೋಲ್ಟು ಬಿಗಿಯುವ ಪಾನಾವನ್ನು ಮಿಸ್ತ್ರಿ ಕೈಯಿಂದ ಕೆಳಗಿಟ್ಟದ್ದು ಆಗಲೇ.

ಕತ್ತಲಾಗುವ ಹೊತ್ತಿಗೆ ಶಹಾಪುರ ಮುಟ್ಟಿದೆವು. ಮನೆಯವರೂ ಪಾಳಿ ಮುಗಿಸಿ ಬಂದರು. ಊಟಕ್ಕೆ ಕೂತಾಗ ನಾನು ಎಲ್ಲವನ್ನೂ ಹೇಳಿದೆ, ಎಳ್ಳಮಾಸಿಯದೂ. ಅವರು ತುತ್ತು ಹಿಡಿದುಕೊಂಡೇ ಕೂತುಬಿಟ್ಟರು.

"ಅವ್ವ, ಇದು ನನಗ್ಯಾಕ ಗೊತ್ತಿಲ್ಲ? ನಾ ಅದೇ ಮನ್ಯಾಗ ಬೆಳದೀನಲ್ಲ."

ಅತ್ತೆ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. "ಆ ಎಳ್ಳಮಾಸಿಗಿ ನೀ ಕೂಸು. ಆಮ್ಯಾಲ ನೀ ಸಾಲಿಂದ ಬರೋದ್ರಾಗ ಕೈ ತೊಳಕೊಂಡಿರ್ತಿದ್ದೆ."

ಮನೆಯವರು ಎದ್ದು ಹೋಗಿ ಅವರ ಅಂಗೈ ಹಿಡಿದು ನೋಡಿದರು. ಅತ್ತೆ ಕೈ ಕಿತ್ತುಕೊಂಡು, "ಏನ್ ನೋಡ್ತಿ, ರೊಟ್ಟಿ ಆರಾಕತ್ತದ, ಉಣ್ಣು" ಎಂದು ಗದರಿದರು. ಅವರು ಕೂತು ಉಂಡರು.

ಆಮೇಲಿನ ಸಲ ಎಣ್ಣೆ ಬದಲಿಸುವ ದಿನ ಬಂದಾಗ ನಾನು ಕಾರನ್ನು ಯಾರ ಹತ್ತಿರವೂ ಒಯ್ಯಲಿಲ್ಲ. ಅಂಗಳದಲ್ಲಿ ಹಳೆಯ ಚಾಪೆ ಹಾಸಿ, ಕಾರಿನ ಕೆಳಗೆ ಮೈ ತೂರಿಸಿದೆ. ಅತ್ತೆ ಪಕ್ಕದಲ್ಲಿ ಮಣೆಯ ಮೇಲೆ ಕೂತರು. ಬಸಿದ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ನನ್ನ ಬೆರಳಿಗೂ ಹಚ್ಚಿದರು. ಮೊದಲು ನನಗೆ ಏನೂ ತಿಳಿಯಲಿಲ್ಲ. "ಕಣ್ ಮುಚ್ಚಿ ನೋಡು" ಎಂದರು. ಮುಚ್ಚಿದೆ. ಜಾರುವುದರ ಒಳಗೆ ಎಲ್ಲೋ ಒಂದು ಚೂರು ಒರಟು, ರಾಗಿ ಹಿಟ್ಟಿಗಿಂತಲೂ ನುಣ್ಣಗೆ ಸವೆದ ಕಬ್ಬಿಣದ ಒರಟು, ಸಿಕ್ಕಿತು. "ಸಿಕ್ತ್ರಿ" ಎಂದೆ. ಅತ್ತೆ ಹೂಂಗುಟ್ಟಿ ಪಾನಾ ಕೈಗೆ ಕೊಟ್ಟರು. ನಾನು ತಳದ ಬೋಲ್ಟು ಹಾಕಿ ಬಿಗಿಯತೊಡಗಿದೆ.

"ಇನ್ನೊಂದ್ ಸ್ವಲ್ಪ" ಎಂದರು ಮೇಲಿನಿಂದ. "ಹಾಂ. ಸಾಕು. ಕೈ ತಗಿ."